ಹಳೇ ಕಾರನ್ನು ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸುವ ಬಗೆ

ನನ್ನ ಕಾರಿನ ಮೀಟರ್ 3 ಲಕ್ಷ ಕಿಲೋಮೀಟರ್ ದಾಟಿದೆ. ನನ್ನ ಕೈಗೆ ಬರುವ ಹೊತ್ತಿಗೆ ಅದರಲ್ಲಿ ಅರ್ಧ ಆಗಲೇ ಓಡಿತ್ತು. ಸಣ್ಣ ಪೆಟ್ರೋಲ್ ಎಂಜಿನ್, ಮ್ಯಾನ್ಯುಯಲ್ ಗೇರ್, ಟರ್ಬೊ ಇಲ್ಲ. ಬಣ್ಣ ಮಾಸಿದೆ, ಹಿಂದಿನ ಸೀಟಿನ ಬಟ್ಟೆ ಸವೆದಿದೆ. ಆದರೆ ಬೆಳಿಗ್ಗೆ ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಇಡೀ ದಿನ ಓಡಿಸಿದರೂ ಟೆಂಪರೇಚರ್ ಮುಳ್ಳು ಅಲುಗುವುದಿಲ್ಲ. ಅಗ್ಗದ ಹಳೇ ಕಾರನ್ನು ಹೀಗೆ ಇಟ್ಟುಕೊಳ್ಳುವುದು ಯಾರಿಗಾದರೂ ಸಾಧ್ಯ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಅದಕ್ಕೆ ಮೆಕ್ಯಾನಿಕ್ ಆಗಿರಬೇಕಿಲ್ಲ. ವಾರಕ್ಕೊಮ್ಮೆ ಹತ್ತು ನಿಮಿಷ ಬಾನೆಟ್ ಎತ್ತಿ ನೋಡುವ ಮನಸ್ಸಿರಬೇಕು.

ಎಂಜಿನ್ ತಾನಾಗಿ ಸವೆದು ಸವೆದು ಕೊನೆಯಾಗುವುದು ಅಪರೂಪ. ಅದನ್ನು ಮುಗಿಸುವುದು ಸಾಮಾನ್ಯವಾಗಿ ಒಂದು ಸಣ್ಣ ಕಾರಣ. ಆಯಿಲ್ ಇಳಿದದ್ದನ್ನು ಯಾರೂ ನೋಡಿರುವುದಿಲ್ಲ. ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಸೋರಿ ಎಂಜಿನ್ ಕಾದಿರುತ್ತದೆ. ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ ಮತ್ತು ವಾಲ್ವ್‌ಗಳನ್ನು ತಾಳ ತಪ್ಪದಂತೆ ಓಡಿಸುವ ರಬ್ಬರ್ ಪಟ್ಟಿ, ತುಂಡಾಗಿರುತ್ತದೆ. ಎಂಜಿನ್ ಚೆನ್ನಾಗಿದ್ದರೂ ಕೆಲವೊಮ್ಮೆ ಕಾರಿನ ಅಡಿಭಾಗವನ್ನೇ ತುಕ್ಕು ತಿಂದಿರುತ್ತದೆ. ಈ ನಾಲ್ಕನ್ನು ತಡೆದರೆ ಉಳಿದದ್ದೆಲ್ಲ ಕಳಚಿ ಹೊಸದು ಹಾಕಬಹುದಾದ ಪಾರ್ಟ್‌ಗಳು.

ಇದು ಬರೀ ನನ್ನ ಅನುಭವದ ಮಾತಲ್ಲ. ಅಮೆರಿಕದ ಇರ್ವ್ ಗಾರ್ಡನ್ ಅನ್ನುವ ಮೇಷ್ಟ್ರು 1966ರ ವೋಲ್ವೊ ಪಿ1800 ಕಾರನ್ನು 2013ರ ಹೊತ್ತಿಗೆ 30 ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿಲೋಮೀಟರ್ ಓಡಿಸಿದ್ದರು. ಕಂಪನಿಯ ಪುಸ್ತಕದಲ್ಲಿ ಹೇಳಿದ ಸರ್ವಿಸನ್ನು ಹೇಳಿದ ಹೊತ್ತಿಗೆ ಮಾಡಿಸಿದ್ದೇ ಅದಕ್ಕೆ ಕಾರಣ ಅಂತ ಅವರು ಹೇಳುತ್ತಿದ್ದರು. ಗ್ರೀಸಿನ ಟ್ಯಾಕ್ಸಿ ಡ್ರೈವರ್ ಗ್ರೆಗೋರಿಯೋಸ್ ಸಖಿನಿದಿಸ್ ಅವರ 1976ರ ಮರ್ಸಿಡಿಸ್ 240ಡಿ ಕಥೆ ನನಗೆ ಇನ್ನೂ ಹತ್ತಿರದ್ದು, ಯಾಕೆಂದರೆ ಅವರು ಕೊಂಡಿದ್ದು ಸೆಕೆಂಡ್ ಹ್ಯಾಂಡ್ ಕಾರು. ಅದು 46 ಲಕ್ಷ ಕಿಲೋಮೀಟರ್ ಓಡಿ 2004ರಲ್ಲಿ ಕಂಪನಿಯ ಮ್ಯೂಸಿಯಂ ಸೇರಿತು. ಅವರು ಎಂಜಿನ್ ಬದಲಿಸುತ್ತಾ ಓಡಿಸಿದರು ಅನ್ನುವುದೂ ನಿಜ. ಅದರಿಂದಲೂ ಕಲಿಯುವುದಿದೆ: ಬಾಡಿ ಗಟ್ಟಿಯಾಗಿದ್ದರೆ ಎಂಜಿನ್ ಕೂಡ ಬದಲಿಸಬಹುದಾದ ವಸ್ತುವೇ.

ಕಾರು ಮನೆಗೆ ಬಂದ ಕೂಡಲೇ

ಹಿಂದಿನ ಓನರ್ ಎಷ್ಟೇ ಒಳ್ಳೆಯವರಾಗಿರಲಿ, ಬಿಲ್ ಇಲ್ಲದ ಕೆಲಸ ಆಗಿಲ್ಲ ಅಂತಲೇ ಲೆಕ್ಕ ಹಿಡಿಯಿರಿ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್, ಗೇರ್ ಆಯಿಲ್ ಎಲ್ಲ ಹೊಸದು ಹಾಕಿಸಿ. ಆ ದಿನದ ಕಿಲೋಮೀಟರ್ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಲೆಕ್ಕ ಅಲ್ಲಿಂದ ಶುರು. ಮಾಡಿಸಿದ್ದೋ ಇಲ್ಲವೋ ಅಂತ ಊಹಿಸುತ್ತಾ ಕೂರುವುದಕ್ಕಿಂತ ಇದು ಅಗ್ಗ.

ಓನರ್ ಮ್ಯಾನ್ಯುಯಲ್ ಕಾರಿನಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಹುಡುಕಿ. ಬಹಳಷ್ಟು ಕಂಪನಿಗಳು ಹಳೇ ಮಾಡೆಲ್‌ಗಳ ಮ್ಯಾನ್ಯುಯಲ್‌ಗಳನ್ನು ಇಂಟರ್ನೆಟ್‌ನಲ್ಲಿ ಬಿಟ್ಟಿಯಾಗಿ ಇಟ್ಟಿವೆ. ಯಾವ ಆಯಿಲ್, ಎಷ್ಟು ಲೀಟರ್, ಯಾವ ಕೂಲೆಂಟ್, ಟೈಮಿಂಗ್ ಬೆಲ್ಟ್ ಇದೆಯೋ ಚೈನ್ ಇದೆಯೋ, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು, ಎಲ್ಲಕ್ಕೂ ಅದೇ ಆಧಾರ. ಪಕ್ಕದ ಮನೆಯವರ ಸಲಹೆಗಿಂತ, ನನ್ನ ಸಲಹೆಗಿಂತಲೂ ಅದೇ ಮೇಲು.

ಆಯಿಲ್

ವಾರಕ್ಕೊಮ್ಮೆ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಎಳೆದು ನೋಡಿ. ಕಾರು ಸಮತಟ್ಟು ಜಾಗದಲ್ಲಿರಬೇಕು. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಆಗಿರಬೇಕು. ಮೊದಲ ಸಲ ಎಳೆದು ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ, ಎಳೆದು ಓದಿ. ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಬಹಳಷ್ಟು ಕಾರುಗಳಲ್ಲಿ ಸುಮಾರು ಒಂದು ಲೀಟರ್ ವ್ಯತ್ಯಾಸ ಇರುತ್ತದೆ. ಸಣ್ಣ ಎಂಜಿನ್‌ನಲ್ಲಿ ಇರುವುದೇ ಮೂರೂವರೆ, ನಾಲ್ಕು ಲೀಟರ್. ಅಂದರೆ ಕೆಳಗಿನ ಗೆರೆ ಮುಟ್ಟಿದಾಗ ಕಾಲು ಭಾಗ ಆಗಲೇ ಹೋಗಿದೆ. ಉಳಿದ ಆಯಿಲ್ ಜಾಸ್ತಿ ಬಿಸಿಯಾಗುತ್ತದೆ, ಬೇಗ ಹಾಳಾಗುತ್ತದೆ.

ಹಳೇ ಎಂಜಿನ್ ಸ್ವಲ್ಪ ಆಯಿಲ್ ತಿನ್ನುವುದು ಸಹಜ. ನನ್ನದೂ ತಿನ್ನುತ್ತದೆ. ಅದಕ್ಕೆ ಹೆದರಬೇಕಿಲ್ಲ. ಎಷ್ಟು ತಿನ್ನುತ್ತದೆ ಅನ್ನುವುದು ಗೊತ್ತಿರಬೇಕು. ಡಿಕ್ಕಿಯಲ್ಲಿ ಎಂಜಿನ್‌ಗೆ ಹಾಕಿದ ಗ್ರೇಡಿನದೇ (ದಪ್ಪದ್ದೇ) ಆಯಿಲಿನ ಒಂದು ಲೀಟರ್ ಡಬ್ಬ ಇರಲಿ. ಎಷ್ಟು ಹಾಕಿದಿರಿ, ಯಾವ ಕಿಲೋಮೀಟರಿನಲ್ಲಿ ಹಾಕಿದಿರಿ ಅಂತ ಬರೆಯಿರಿ. ಆ ಲೆಕ್ಕ ವರ್ಷಗಟ್ಟಲೆ ಒಂದೇ ತರ ಇದ್ದರೆ ನೆಮ್ಮದಿಯಾಗಿ ಓಡಿಸಿ. ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಕಾರಣ ಹುಡುಕಿ.

ಹುಡುಕುವಾಗ ಮೊದಲು ಪಿಸಿವಿ ವಾಲ್ವ್ ನೋಡಿಸಿ. ಎಂಜಿನ್ ಒಳಗೆ ಕಟ್ಟುವ ಗ್ಯಾಸನ್ನು ಹೊರಗೆ ಎಳೆದು ಮತ್ತೆ ಉರಿಯಲು ಕಳಿಸುವ ಸಣ್ಣ ಪಾರ್ಟ್ ಅದು. ಮುಚ್ಚಿಕೊಂಡೇ ಉಳಿದರೆ ಒಳಗೆ ಒತ್ತಡ ಏರಿ ಸೀಲ್‌ಗಳಿಂದ ಆಯಿಲ್ ಸೋರುತ್ತದೆ. ತೆರೆದೇ ಉಳಿದರೆ ಎಂಜಿನ್ ಆಯಿಲನ್ನೇ ಎಳೆದುಕೊಂಡು ಸುಡುತ್ತದೆ. ಹಳೇ ಕಾರುಗಳಲ್ಲಿ ದೊಡ್ಡ ಖರ್ಚಿನ ಸೀಲ್ ಕೆಲಸ ಮಾಡಿಸಿದ ಮೇಲೂ ಸೋರಿಕೆ ನಿಲ್ಲದಿದ್ದರೆ ಎಷ್ಟೋ ಸಲ ಇದೇ ಕಾರಣ. ಹಾಗಾಗಿ ಸೀಲಿಗೆ ಕೈ ಹಾಕುವ ಮುಂಚೆ ಈ ವಾಲ್ವ್ ಬದಲಿಸಿ ನೋಡುವುದು ಜಾಣತನ.

ಸೈಲೆನ್ಸರ್ ಹೊಗೆಯೂ ಸುಳಿವು ಕೊಡುತ್ತದೆ. ರಾತ್ರಿಯೆಲ್ಲ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತುಹೋದರೆ ವಾಲ್ವ್ ಸೀಲ್ ಗಟ್ಟಿಯಾಗಿರಬಹುದು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ನೀಲಿ ಬಂದರೆ ಪಿಸ್ಟನ್ ರಿಂಗ್ ಕಡೆ ಅನುಮಾನ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದು, ವಾಸನೆ ಸಿಹಿಯಾಗಿದ್ದರೆ ಕೂಲೆಂಟ್ ಒಳಗೆ ಸುಡುತ್ತಿದೆ. ಅದನ್ನು ಮುಂದೂಡಬೇಡಿ.

ಎಷ್ಟು ಕಿಲೋಮೀಟರಿಗೆ ಆಯಿಲ್ ಬದಲಿಸಬೇಕು? ಮ್ಯಾನ್ಯುಯಲ್‌ನಲ್ಲಿ ಸಾಮಾನ್ಯ ಬಳಕೆಗೆ ಒಂದು ಅಂಕಿ, ಕಠಿಣ ಬಳಕೆಗೆ ಇನ್ನೊಂದು ಅಂಕಿ ಇರುತ್ತದೆ. ದಿನವೂ ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡುವ ಕಾರು ಕಠಿಣ ಬಳಕೆಗೇ ಸೇರುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗುವುದರಿಂದ ಪೆಟ್ರೋಲ್ ಮತ್ತು ನೀರಿನ ಅಂಶ ಆಯಿಲಿನಲ್ಲೇ ಉಳಿಯುತ್ತದೆ. ಧೂಳು, ಟ್ರಾಫಿಕ್, ಭಾರ, ಏರುದಾರಿ ಎಲ್ಲವೂ ಅದೇ ಪಟ್ಟಿಗೆ ಸೇರುತ್ತವೆ. ನಾನು 7,500 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ ಬದಲಿಸುತ್ತೇನೆ. ದುಬಾರಿ ಆಯಿಲ್ ಹಾಕಿ 15,000 ಓಡಿಸುವುದಕ್ಕಿಂತ ಸಾಧಾರಣ ಒಳ್ಳೇ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದು ಹಳೇ ಎಂಜಿನ್‌ಗೆ ಒಳ್ಳೆಯದು.

ಗ್ರೇಡ್ ವಿಷಯದಲ್ಲಿ ಮ್ಯಾನ್ಯುಯಲ್ ಬಿಟ್ಟು ಹೋಗಬೇಡಿ. 5ಡಬ್ಲ್ಯು-30 ಅಂದಿದ್ದರೆ ಅದೇ. ಆಯಿಲ್ ತಿನ್ನುವ ಎಂಜಿನ್‌ಗೆ ಸ್ವಲ್ಪ ದಪ್ಪದ್ದು ಹಾಕಬಹುದು, ಆದರೆ ಮ್ಯಾನ್ಯುಯಲ್ ಅದಕ್ಕೂ ಜಾಗ ಕೊಟ್ಟಿದ್ದರೆ ಮಾತ್ರ. ಇನ್ನು ಗ್ಯಾರೇಜಿನಲ್ಲಿ ಎಂಜಿನ್ ಫ್ಲಶ್ ಮಾಡಿಸಿ ಅಂತ ಒತ್ತಾಯ ಮಾಡುತ್ತಾರೆ. ಹಿಂದಿನ ಕಥೆ ಗೊತ್ತಿಲ್ಲದ ಎಂಜಿನ್‌ಗೆ ನಾನು ಅದನ್ನು ಬೇಡ ಅನ್ನುತ್ತೇನೆ. ಒಳಗೆ ಗಟ್ಟಿಯಾಗಿ ಕೂತಿರುವ ಕೆಸರು ಒಮ್ಮೆಲೇ ಕಿತ್ತು ಬಂದರೆ ಆಯಿಲ್ ಪಂಪಿನ ಜಾಲರಿ ಕಟ್ಟಿಕೊಳ್ಳಬಹುದು. ಅದರ ಬದಲು ಮೊದಲ ಎರಡು ಮೂರು ಸಲ ಆಯಿಲನ್ನು ಬೇಗ ಬೇಗ ಬದಲಿಸಿ. ನಿಧಾನಕ್ಕೆ ತಾನೇ ತೊಳೆದುಕೊಳ್ಳುತ್ತದೆ.

ಓಡಿಸುವಾಗ ಆಯಿಲ್ ಡಬ್ಬದ ಚಿತ್ರದ ಕೆಂಪು ದೀಪ ಹೊತ್ತಿದರೆ ಮುಂದಿನ ಗ್ಯಾರೇಜ್ ತನಕ ಹೋಗೋಣ ಅನ್ನುವ ಯೋಚನೆಯೇ ಬೇಡ. ಸುರಕ್ಷಿತ ಜಾಗಕ್ಕೆ ಸರಿಸಿ ಎಂಜಿನ್ ಆಫ್ ಮಾಡಿ. ಆಯಿಲಿನ ಒತ್ತಡ ಇಲ್ಲದೆ ಒಂದೆರಡು ನಿಮಿಷ ಓಡಿದರೂ ಬೇರಿಂಗ್‌ಗಳು ಹಾಳಾಗುತ್ತವೆ.

ಬಿಸಿ

ನನ್ನ ಲೆಕ್ಕದಲ್ಲಿ ಹಳೇ ಕಾರಿನ ದೊಡ್ಡ ಶತ್ರು ಇದೇ. ಇಂದಿನ ಎಂಜಿನ್‌ಗಳ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲೆ ಕೂರುವ ಭಾಗ, ಅಲ್ಯೂಮಿನಿಯಂನದು. ಒಂದೇ ಸಲ ಚೆನ್ನಾಗಿ ಕಾದರೆ ಸಾಕು, ಹೆಡ್ ಬಾಗುತ್ತದೆ, ಅದರ ಅಡಿಯ ಸೀಲ್, ಅಂದರೆ ಗ್ಯಾಸ್ಕೆಟ್, ಹೋಗುತ್ತದೆ. ಅಗ್ಗದ ಕಾರಿನಲ್ಲಿ ಆ ರಿಪೇರಿ ಕಾರಿನ ಬೆಲೆಯನ್ನೇ ಮುಟ್ಟಬಹುದು. ಆದರೆ ಕೆಟ್ಟು ಎಂಜಿನ್ ಕಾಯುವಂತೆ ಮಾಡುವ ಪಾರ್ಟ್‌ಗಳೆಲ್ಲ ಅಗ್ಗದವು: ರಬ್ಬರ್ ಪೈಪ್, ಅದರ ಕ್ಲಿಪ್, ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲೆಂಟಿಗೆ ದಾರಿ ತೆರೆಯುವ ವಾಲ್ವ್), ಫ್ಯಾನ್ ರಿಲೇ (ಫ್ಯಾನ್ ಆನ್ ಮಾಡುವ ಸ್ವಿಚ್), ರೇಡಿಯೇಟರ್ ಮುಚ್ಚಳ.

ಮುಚ್ಚಳ ಸುಮ್ನೆ ಮುಚ್ಚಳ ಅಲ್ಲ. ಒಳಗೆ ಒತ್ತಡ ಹಿಡಿದಿಡುವುದೇ ಅದರ ಕೆಲಸ. ಸಾಮಾನ್ಯವಾಗಿ 1 ಬಾರ್ ಆಸುಪಾಸು ಒತ್ತಡ ಇರುತ್ತದೆ. ಆ ಒತ್ತಡದಿಂದಲೇ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಅದರ ರಬ್ಬರ್ ಒಣಗಿ, ಸ್ಪ್ರಿಂಗ್ ಸಡಿಲಾದರೆ ಕೂಲೆಂಟ್ ಬೇಗ ಕುದಿಯುತ್ತದೆ, ಉಕ್ಕಿ ಹೊರಗೆ ಹೋಗುತ್ತದೆ. ಹಳೇ ಕಾರು ಕೊಂಡ ಕೂಡಲೇ ಮುಚ್ಚಳ ಹೊಸದು ಹಾಕಿ. ಹಳೇ ಮುಚ್ಚಳದ ಮೇಲೆ ಬರೆದಿರುವ ಒತ್ತಡದ ಅಂಕಿಯೇ ಹೊಸದರ ಮೇಲೂ ಇರಬೇಕು.

ಕೂಲೆಂಟ್ ಬದಲು ಬರೀ ನಲ್ಲಿ ನೀರು ತುಂಬಿಸಿ ಓಡಿಸುವವರು ಬಹಳ ಜನ. ದಯವಿಟ್ಟು ಬೇಡ. ಕೂಲೆಂಟ್ ಚಳಿಯಲ್ಲಿ ಹೆಪ್ಪುಗಟ್ಟದಂತೆ ತಡೆಯುವುದಷ್ಟೇ ಅಲ್ಲ, ಒಳಗಿನ ಲೋಹ ತುಕ್ಕು ಹಿಡಿಯದಂತೆಯೂ ಕಾಪಾಡುತ್ತದೆ. ನಲ್ಲಿ ನೀರಿನ ಉಪ್ಪುಗಳು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಪದರ ಕಟ್ಟುತ್ತವೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ, ಇದೇ ಸಾಮಾನ್ಯ ಅಳತೆ. ಮೊದಲೇ ಬೆರೆಸಿ ಬರುವ ಡಬ್ಬವಾದರೆ ಮತ್ತೆ ನೀರು ಸೇರಿಸಬೇಡಿ. ಬಣ್ಣ ನೋಡಿ ಕೂಲೆಂಟ್ ಆರಿಸಬೇಡಿ, ಒಂದೇ ಬಣ್ಣದಲ್ಲಿ ಬೇರೆ ಬೇರೆ ಜಾತಿ ಸಿಗುತ್ತವೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಜಾತಿಯದ್ದನ್ನೇ ಹಾಕಿ.

ಪರೀಕ್ಷೆ ಸುಲಭ. ಎಂಜಿನ್ ತಣ್ಣಗಿರುವಾಗ ರಬ್ಬರ್ ಪೈಪುಗಳನ್ನು ಹಿಸುಕಿ ನೋಡಿ. ತೀರಾ ಮೆತ್ತಗಾಗಿದ್ದರೂ ಬದಲಿಸಿ, ಒಣಗಿ ಬಿರುಸಾಗಿದ್ದರೂ ಬದಲಿಸಿ. ಪೈಪು ಸೇರುವ ಕಡೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಲ್ಲಿ ನಿಧಾನಕ್ಕೆ ಸೋರುತ್ತಿದೆ. ಆಮೇಲೆ ಎಂಜಿನ್ ಓಡಲು ಬಿಟ್ಟು ಎಸಿ ಹಾಕಿ, ಮುಂದಿನ ಫ್ಯಾನ್ ತಿರುಗಬೇಕು. ಕಾರು ಟ್ರಾಫಿಕ್‌ನಲ್ಲಿ ಮಾತ್ರ ಕಾಯುತ್ತಿದ್ದು ಹೈವೇಯಲ್ಲಿ ಸರಿಯಿದ್ದರೆ ಫ್ಯಾನ್ ಕಡೆ ನೋಡಿ. ಹೈವೇಯಲ್ಲೇ ಕಾಯುತ್ತಿದ್ದರೆ ರೇಡಿಯೇಟರ್ ಕಟ್ಟಿರಬಹುದು, ಥರ್ಮೋಸ್ಟಾಟ್ ಪೂರ್ತಿ ತೆರೆಯದಿರಬಹುದು, ಇಲ್ಲವೇ ವಾಟರ್ ಪಂಪ್ ಸೋತಿರಬಹುದು. ಗ್ಯಾರೇಜಿಗೆ ಹೋದಾಗ ಈ ಒಂದು ವಿವರ ಹೇಳಿದರೆ ಮೆಕ್ಯಾನಿಕ್‌ನ ಅರ್ಧ ಹೊತ್ತು ಉಳಿಯುತ್ತದೆ.

ಮುಳ್ಳನ್ನು ಪೂರ್ತಿ ನಂಬಬೇಡಿ. ಬಹಳ ಕಾರುಗಳಲ್ಲಿ ಅದು ಮಧ್ಯದಲ್ಲೇ ನಿಂತಿರುವಂತೆ ಮಾಡಿರುತ್ತಾರೆ. ಅದು ಮೇಲೇರಿತು ಅಂದರೆ ಆಗಲೇ ತಡವಾಗಿದೆ. ಕೂಲೆಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ಗಾಳಿಯಲ್ಲಿ ಉಳಿದು ಬಿಸಿಯನ್ನು ಸರಿಯಾಗಿ ತೋರಿಸದೆಯೂ ಇರಬಹುದು. ಹಾಗಾಗಿ ಡಿಪ್‌ಸ್ಟಿಕ್ ನೋಡುವ ದಿನವೇ ಕೂಲೆಂಟ್ ಬಾಟಲಿಯ ಮಟ್ಟವನ್ನೂ ನೋಡಿ. ಹೊರಗೆ ಎಲ್ಲೂ ಸೋರಿಕೆ ಇಲ್ಲದೆ ಮಟ್ಟ ಇಳಿಯುತ್ತಿದ್ದರೆ, ಬಾಟಲಿಯಲ್ಲಿ ಗುಳ್ಳೆ ಏಳುತ್ತಿದ್ದರೆ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಮೇಲಿನ ಪೈಪು ಕಲ್ಲಿನಂತೆ ಬಿಗಿಯಾದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ. ಆಯಿಲ್ ಮುಚ್ಚಳದ ಒಳಗೆ ಕೆನೆ ಬಣ್ಣದ ಅಂಟು ಕಂಡರೆ ತಕ್ಷಣ ಗಾಬರಿ ಬೇಡ. ಸಣ್ಣ ಓಡಾಟದ ಕಾರಿನಲ್ಲಿ ತೇವ ಕಟ್ಟಿದರೂ ಹಾಗೆ ಆಗುತ್ತದೆ. ಡಿಪ್‌ಸ್ಟಿಕ್‌ನ ಆಯಿಲ್ ಕೂಡ ಹಾಗೇ ಇದ್ದರೆ ಮಾತ್ರ ನಿಜವಾದ ತೊಂದರೆ.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಎಸಿ ಆಫ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಬ್ಲೋವರ್ ಜೋರು ಮಾಡಿ. ಸೆಕೆ ತಡೆಯಲಾಗುವುದಿಲ್ಲ, ಆದರೆ ಎಂಜಿನ್ನಿನ ಬಿಸಿ ಸ್ವಲ್ಪ ಒಳಗೆ ಬಂದು ನಿಲ್ಲಿಸುವ ಜಾಗ ಹುಡುಕಲು ಹೊತ್ತು ಸಿಗುತ್ತದೆ. ನಿಲ್ಲಿಸಿ, ಆಫ್ ಮಾಡಿ, ಕನಿಷ್ಠ ಅರ್ಧ ಗಂಟೆ ಕಾಯಿರಿ. ಬಿಸಿ ಇರುವಾಗ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು.

ಟೈಮಿಂಗ್ ಬೆಲ್ಟ್

ನಿಮ್ಮ ಎಂಜಿನ್ನಿನಲ್ಲಿ ಬೆಲ್ಟ್ ಇದ್ದರೆ, ಬದಲಿಸಿದ ಬಿಲ್ ಇಲ್ಲದಿದ್ದರೆ, ಎಂಜಿನ್ನಿನ ಬೇರೆ ಯಾವ ಕೆಲಸಕ್ಕೂ ಮೊದಲು ಅದನ್ನು ಬದಲಿಸಿ. ಬೆಲ್ಟ್ ತುಂಡಾದರೆ ಬಹಳ ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲೆ ಬಂದು ತೆರೆದ ವಾಲ್ವ್‌ಗಳಿಗೆ ಹೊಡೆಯುತ್ತದೆ. ಅಲ್ಲಿಗೆ ಎಂಜಿನ್ ಮುಗಿಯಿತು. ಅದು ಮುಂಚೆ ಸದ್ದು ಮಾಡಿ ಎಚ್ಚರಿಸುವುದೂ ಇಲ್ಲ. ಕಿಲೋಮೀಟರ್ ಜೊತೆಗೆ ವರ್ಷದ ಲೆಕ್ಕವೂ ಇರುತ್ತದೆ, ಯಾಕೆಂದರೆ ಓಡದೆ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ. ಕಡಿಮೆ ಓಡಿದ ಕಾರು ಅಂತ ಖುಷಿಪಟ್ಟು ಕೊಂಡವರು ಇದನ್ನು ಮರೆಯುತ್ತಾರೆ.

ಬದಲಿಸುವಾಗ ಬೆಲ್ಟ್ ಒಂದನ್ನೇ ಹಾಕಿಸಬೇಡಿ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಅದಕ್ಕೆ ದಾರಿ ತೋರಿಸುವ ಐಡ್ಲರ್ ಚಕ್ರ, ಆ ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪ್, ಮುಂದಿನ ಆಯಿಲ್ ಸೀಲ್‌ಗಳು ಎಲ್ಲ ಒಟ್ಟಿಗೆ ಆಗಲಿ. ಲೇಬರ್ ಚಾರ್ಜ್ ಒಂದೇ ಅಲ್ವಾ. ಚೈನ್ ಇರುವ ಎಂಜಿನ್‌ಗೆ ಇಂತಿಷ್ಟು ಕಿಲೋಮೀಟರ್ ಅಂತ ಸಾಮಾನ್ಯವಾಗಿ ಹೇಳಿರುವುದಿಲ್ಲ. ಆದರೆ ಚೈನೂ ಸವೆದು ಉದ್ದವಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕೆಲವು ಸೆಕೆಂಡ್ ಎಂಜಿನ್ ಬದಿಯಿಂದ ಗಲಗಲ ಸದ್ದು ಬಂದರೆ ನೋಡಿಸಿ. ಚೈನಿನ ಆಯಸ್ಸು ಆಯಿಲಿನ ಮೇಲೇ ನಿಂತಿದೆ.

ಗೇರ್, ಬ್ರೇಕ್, ಟೈರ್

ಮ್ಯಾನ್ಯುಯಲ್ ಗೇರ್ ಬಾಕ್ಸಿನ ಆಯಿಲನ್ನು ಜನ ಪೂರ್ತಿ ಮರೆತೇಬಿಡುತ್ತಾರೆ. ಬದಲಿಸುವಾಗ ಜಿಎಲ್-4 ದರ್ಜೆಯ ಆಯಿಲ್ ಕೇಳಿದ ಗೇರ್ ಬಾಕ್ಸಿಗೆ ಜಿಎಲ್-5 ಹಾಕಿಸಬೇಡಿ. ಅದರಲ್ಲಿರುವ ರಾಸಾಯನಿಕ ಕೆಲವು ಬಾಕ್ಸ್‌ಗಳ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳನ್ನು (ಗೇರ್ ಸಲೀಸಾಗಿ ಬೀಳಲು ನೆರವಾಗುವ ಬಳೆಗಳನ್ನು) ಹಾಳು ಮಾಡುತ್ತದೆ. ಆಟೋಮ್ಯಾಟಿಕ್ ಆದರೆ ಜೀವಮಾನವಿಡೀ ಆಯಿಲ್ ಬದಲಿಸಬೇಕಿಲ್ಲ ಅನ್ನುವ ಮಾತು ಕೇಳಿರುತ್ತೀರಿ. ಲಕ್ಷಗಟ್ಟಲೆ ಓಡಿಸುವ ಆಸೆ ಇದ್ದವರು ಅದನ್ನು ನಂಬಬಾರದು. 60,000ದಿಂದ 1 ಲಕ್ಷ ಕಿಲೋಮೀಟರ್ ಒಳಗೆ ಒಮ್ಮೆ, ಕೆಳಗಿನ ನಟ್ಟು ಬಿಚ್ಚಿ ಬಂದಷ್ಟು ಇಳಿಸಿ ಅಷ್ಟೇ ಹೊಸದು ತುಂಬಿಸಿ. ಮೆಷಿನ್ ಹಾಕಿ ಒತ್ತಡದಲ್ಲಿ ತೊಳೆಯುವುದು ಹಳೇ ಗೇರ್ ಬಾಕ್ಸಿಗೆ ಬೇಡ. ಆಗಲೇ ಗೇರ್ ಜಾರುತ್ತಿದ್ದರೆ ಹೊಸ ಆಯಿಲ್ ಅದನ್ನು ವಾಸಿ ಮಾಡುವುದಿಲ್ಲ. ಸಿವಿಟಿ, ಅಂದರೆ ಹಲ್ಲಿನ ಗೇರ್‌ಗಳ ಬದಲು ಬೆಲ್ಟಿನಿಂದ ಓಡುವ ಆಟೋಮ್ಯಾಟಿಕ್, ಇದ್ದರೆ ಅದಕ್ಕೆಂದೇ ಇರುವ ಆಯಿಲ್ ಮಾತ್ರ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಹಿಡಿದು ಅದು ಕುದಿದರೆ ಪೆಡಲ್ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಪ್ಯಾಡ್ 3 ಮಿಲಿಮೀಟರ್‌ಗೆ ಬಂದರೆ ಹೊಸದು ಹಾಕಿ, ಆಗಲೇ ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಪಿನ್ನುಗಳನ್ನು ಸ್ವಚ್ಛ ಮಾಡಿ ಅದಕ್ಕೆಂದೇ ಇರುವ ಗ್ರೀಸ್ ಹಾಕಿಸಿ. ಒಂದು ಸುತ್ತು ಓಡಿಸಿ ಬಂದ ಮೇಲೆ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಮುಂದಿನ ಎರಡರಲ್ಲಿ ಒಂದು ಮಾತ್ರ ಜಾಸ್ತಿ ಬಿಸಿಯಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ.

ಟೈರಿನ ಬದಿಯಲ್ಲಿರುವ ಕೋಡಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2319 ಅಂದರೆ 2019ರ 23ನೇ ವಾರ. ಹಳೇ ಕಾರು ಕೊಂಡಾಗ ಸ್ಟೆಪ್ನಿಯ ಅಂಕಿಯನ್ನೂ ಓದಿ. ನೆಲಕ್ಕೆ ತಾಗುವ ರಬ್ಬರ್ (ಟ್ರೆಡ್) ಎಷ್ಟೇ ಉಳಿದಿದ್ದರೂ ಹತ್ತು ವರ್ಷ ಆದ ಟೈರ್ ಓಡಿಸಬೇಡಿ. ಗಾಳಿ ಎಷ್ಟು ಅನ್ನುವುದು ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿದೆ, ಟೈರ್ ತಣ್ಣಗಿರುವಾಗ ಹಾಕಿಸಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿತ್ತು. ನಡುವೆ ಸವೆದಿದ್ದರೆ ಜಾಸ್ತಿಯಿತ್ತು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್.

ಕರೆಂಟು ಮತ್ತು ಎಂಜಿನ್ ಲೈಟ್

ಅಗ್ಗದ ಮಲ್ಟಿಮೀಟರ್ ಒಂದು ಇಟ್ಟುಕೊಳ್ಳಿ. ರಾತ್ರಿ ನಿಂತ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು, ಇಲ್ಲದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದನ್ನು ತಿರುಗಿಸುವ ಬೆಲ್ಟ್ ನೋಡಿಸಿ. ಹಳೇ ಕಾರಿನಲ್ಲಿ ದೀಪ ಮಂಕಾಗುವುದು, ಮೀಟರ್ ಕುಣಿಯುವುದು, ಸೆಲ್ಫ್ ನಿಧಾನಕ್ಕೆ ತಿರುಗುವುದು, ಹೀಗೆ ವಿಚಿತ್ರ ತೊಂದರೆಗಳು ಬಂದರೆ ದುಬಾರಿ ಪಾರ್ಟ್ ಕೊಳ್ಳುವ ಮೊದಲು ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ಥಿಂಗ್ ವೈರ್ ಬಿಚ್ಚಿ, ಉಜ್ಜಿ, ಮತ್ತೆ ಬಿಗಿ ಮಾಡಿ. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಚೆಕ್ ಎಂಜಿನ್ ಲೈಟ್ ಹೊತ್ತಿದರೆ ಹೆದರಿಕೆಗಿಂತ ಮಾಹಿತಿ ಬೇಕು. ಡ್ಯಾಶ್‌ಬೋರ್ಡ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಸ್ಕ್ಯಾನರ್ ಸಿಗುತ್ತದೆ, ಫೋನಿನಲ್ಲೇ ಕೋಡ್ ಓದಬಹುದು. ಆದರೆ ಕೋಡ್ ಹೇಳುವುದು ಲಕ್ಷಣವನ್ನು, ಯಾವ ಪಾರ್ಟ್ ಬದಲಿಸಬೇಕು ಅನ್ನುವುದನ್ನಲ್ಲ. ಪಿ0171 ಬಂದರೆ ಪೆಟ್ರೋಲಿಗಿಂತ ಗಾಳಿ ಜಾಸ್ತಿಯಾಗಿದೆ ಅಂತ ಅರ್ಥ. ಆಕ್ಸಿಜನ್ ಸೆನ್ಸರ್ ಕೊಳ್ಳುವ ಮೊದಲು ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್ ಹುಡುಕಿ, ಗಾಳಿ ಅಳೆಯುವ ಸೆನ್ಸರನ್ನು ಸ್ವಚ್ಛ ಮಾಡಿ. ಪಿ0301 ಅಂದರೆ ಮೊದಲ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಪ್ರತಿ ಸಿಲಿಂಡರಿಗೂ ಒಂದೊಂದು ಕಾಯಿಲ್ (ಕಿಡಿಗೆ ಕರೆಂಟ್ ಕೊಡುವ ಪಾರ್ಟ್) ಇರುವ ಎಂಜಿನ್ ಆದರೆ ಮೊದಲನೆಯದರ ಕಾಯಿಲನ್ನು ಎರಡನೆಯದಕ್ಕೆ ಹಾಕಿ ಓಡಿಸಿ. ಕೋಡ್ ಪಿ0302 ಆದರೆ ಕಾಯಿಲೇ ತೊಂದರೆ. ಪಿ0301 ಆಗಿಯೇ ಉಳಿದರೆ ಸ್ಪಾರ್ಕ್ ಪ್ಲಗ್ ನೋಡಿ. ದುಡ್ಡೇ ಖರ್ಚಾಗದ ಪರೀಕ್ಷೆ ಇದು. ಲೈಟ್ ಮಿನುಗುತ್ತಿದ್ದರೆ ಮಾತ್ರ ಜೋರಾಗಿ ಓಡಿಸಬೇಡಿ. ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಅದನ್ನು ಸುಡುತ್ತದೆ.

ಸದ್ದು ಮತ್ತು ತುಕ್ಕು

ರೇಡಿಯೊ ಆಫ್ ಮಾಡಿ, ಕಿಟಕಿ ಇಳಿಸಿ, ಗೋಡೆಯ ಪಕ್ಕದಲ್ಲಿ ನಿಧಾನಕ್ಕೆ ಓಡಿಸಿ. ಸದ್ದು ಗೋಡೆಗೆ ತಾಗಿ ವಾಪಸ್ ಬರುತ್ತದೆ, ಚೆನ್ನಾಗಿ ಕೇಳುತ್ತದೆ. ಪೂರ್ತಿ ತಿರುವಿನಲ್ಲಿ ಟಕ ಟಕ ಅಂದರೆ ಆಕ್ಸಲ್ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಹಾರಿಹೋಗಿರುತ್ತದೆ. ಬೂಟ್ ಹರಿದ ಕೂಡಲೇ ಕಂಡುಹಿಡಿದರೆ ಬೂಟ್ ಮಾತ್ರ ಸಾಕು, ಬಿಟ್ಟರೆ ಇಡೀ ಜಾಯಿಂಟ್ ಹೋಗುತ್ತದೆ. ವೇಗ ಏರಿದಂತೆ ಏರುವ ಗುಂಯ್ ಸದ್ದು, ಸ್ಟೇರಿಂಗ್ ಒಂದು ಕಡೆ ತಿರುಗಿಸಿದಾಗ ಬದಲಾದರೆ, ವೀಲ್ ಬೇರಿಂಗ್. ಸಣ್ಣ ಗುಂಡಿಗಳಲ್ಲಿ ಕಟಕ್ ಅಂದರೆ ಸ್ಟೆಬಿಲೈಸರ್ ಲಿಂಕ್ ಇರಬಹುದು, ಅದು ಅಗ್ಗ.

ತುಕ್ಕಿನ ವಿಷಯದಲ್ಲಿ ನೀರು ನಿಲ್ಲಲು ಬಿಡದಿರುವುದೇ ಮುಖ್ಯ. ಪ್ರತಿ ಬಾಗಿಲ ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಮಣ್ಣು ಕಟ್ಟಿದ್ದರೆ ಮೆತ್ತಗೆ ಕಡ್ಡಿ ಹಾಕಿ ಬಿಡಿಸಿ. ವೈಪರ್ ಕೆಳಗಿನ ಜಾಲರಿಯಲ್ಲಿ ಸೇರುವ ಎಲೆಗಳನ್ನು ತೆಗೆಯಿರಿ, ಇಲ್ಲದಿದ್ದರೆ ನೀರು ಕಾರಿನೊಳಗೆ ಇಳಿದು ಕಾರ್ಪೆಟ್ ಅಡಿಯಲ್ಲಿ ನಿಲ್ಲುತ್ತದೆ. ಸಮುದ್ರದ ಹತ್ತಿರ, ಅಥವಾ ಹಿಮಕ್ಕೆ ಉಪ್ಪು ಹಾಕುವ ರಸ್ತೆಯಲ್ಲಿ ಓಡುವ ಕಾರಿನ ಅಡಿಯನ್ನು ಆಗಾಗ ನೀರಿನಲ್ಲಿ ತೊಳೆಯಿರಿ. ಅಡಿಗೆ ಇಣುಕುವಾಗ ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ಹೋಗಬೇಡಿ. ಗಟ್ಟಿ ಸ್ಟ್ಯಾಂಡ್ ಬೇಕು, ಚಕ್ರಗಳಿಗೆ ಅಡ್ಡ ಇರಬೇಕು.

ಓಡಿಸುವ ರೀತಿ

ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಸಾಕು, ನಿಂತಲ್ಲೇ ಹತ್ತು ನಿಮಿಷ ಬಿಸಿ ಮಾಡುವುದು ಬೇಡ. ಆದರೆ ಮೊದಲ ಹತ್ತು ಹದಿನೈದು ನಿಮಿಷ ಮೆತ್ತಗೆ ಓಡಿಸಿ. ಮುಳ್ಳು ಮಧ್ಯಕ್ಕೆ ಬಂದ ಮೇಲೂ ಆಯಿಲ್ ಇನ್ನೂ ಬಿಸಿಯಾಗುತ್ತಲೇ ಇರುತ್ತದೆ. ಟ್ಯಾಂಕನ್ನು ತಳ ಮುಟ್ಟಿಸಿ ಓಡಿಸುವ ಅಭ್ಯಾಸ ಬಿಡಿ. ಟ್ಯಾಂಕಿನೊಳಗಿನ ಪಂಪ್ ತಣ್ಣಗಿರುವುದು ಸುತ್ತಲಿನ ಪೆಟ್ರೋಲಿನಿಂದಲೇ. ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಬೇಡಿ.

ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗ ಲೀಟರ್ ಮತ್ತು ಕಿಲೋಮೀಟರ್ ಬರೆದು ಮೈಲೇಜ್ ಲೆಕ್ಕ ಹಾಕಿ. ಡಾಕ್ಟರ್ ನಾಡಿ ಹಿಡಿದಂತೆ ನಾನು ಇದನ್ನೇ ಹಿಡಿಯುತ್ತೇನೆ. ಒಂದು ಸಲ ಏರುಪೇರಾದರೆ ಏನೂ ಅಲ್ಲ. ಮೂರು ನಾಲ್ಕು ಟ್ಯಾಂಕ್ ಸತತವಾಗಿ ಇಳಿದರೆ ಟೈರಿನ ಗಾಳಿ, ಹಿಡಿದುಕೊಂಡ ಬ್ರೇಕ್, ತೆರೆದೇ ಉಳಿದ ಥರ್ಮೋಸ್ಟಾಟ್, ಆಕ್ಸಿಜನ್ ಸೆನ್ಸರ್, ಈ ಕ್ರಮದಲ್ಲಿ ನೋಡಿ.

ದುಡ್ಡು ಎಲ್ಲಿಗೆ ಮೊದಲು

ಅಗ್ಗದ ಕಾರು ಕೊಂಡವರ ಹತ್ತಿರ ಎಲ್ಲವನ್ನೂ ಒಮ್ಮೆಲೇ ಮಾಡಿಸುವಷ್ಟು ಹಣ ಇರುವುದಿಲ್ಲ. ನನ್ನ ಕ್ರಮ ಹೀಗಿದೆ. ನಿಲ್ಲಿಸುವ ಮತ್ತು ತಿರುಗಿಸುವ ಪಾರ್ಟ್‌ಗಳು ಮೊದಲು: ಬ್ರೇಕ್, ಟೈರ್, ಸ್ಟೇರಿಂಗ್ ಜಾಯಿಂಟ್. ಎಂಜಿನ್ ಉಳಿಸುವವು ಆಮೇಲೆ: ಆಯಿಲ್, ಕೂಲೆಂಟ್, ಟೈಮಿಂಗ್ ಬೆಲ್ಟ್. ಬಿಟ್ಟರೆ ಬೆಳೆಯುವ ತೊಂದರೆಗಳು ಮೂರನೆಯದು: ಹರಿದ ಬೂಟ್, ಸಣ್ಣ ಸೋರಿಕೆ, ತುಕ್ಕಿನ ಚುಕ್ಕೆ. ಬಣ್ಣ, ಸೀಟು, ಮ್ಯೂಸಿಕ್ ಸಿಸ್ಟಮ್ ಎಲ್ಲ ಕೊನೆಗೆ.

ಪಾರ್ಟ್ ಕೊಳ್ಳುವಾಗ ಕಂಪನಿಯ ಡಬ್ಬವೇ ಬೇಕೆಂದಿಲ್ಲ. ಎನ್‌ಜಿಕೆ, ಡೆನ್ಸೊ, ಬಾಷ್, ಗೇಟ್ಸ್, ಐಸಿನ್ ತರದವರು ಕಾರು ಕಂಪನಿಗಳಿಗೇ ಪಾರ್ಟ್ ಕೊಡುವವರು. ಅವರ ಹೆಸರಿನಲ್ಲೇ ಕೊಂಡರೆ ಬಹಳ ಸಲ ಬೆಲೆ ಕಡಿಮೆ. ನಂಬಿಕೆಯ ಅಂಗಡಿಯಲ್ಲಿ ಕೊಳ್ಳಿ, ನಕಲಿ ಬಹಳ. ಡೋರ್ ಹ್ಯಾಂಡಲ್, ಕನ್ನಡಿ, ಲೈಟ್ ಇಂಥವು ಹಳೇ ಕಾರು ಒಡೆಯುವ ಕಡೆ ತಂದರೂ ನಡೆಯುತ್ತದೆ. ಬ್ರೇಕ್ ಪಾರ್ಟ್, ಬೆಲ್ಟ್, ರಬ್ಬರ್ ಪೈಪ್ ಮಾತ್ರ ಯಾವತ್ತೂ ಹಳೇದು ಬೇಡ.

ಒಂದು ರಿಪೇರಿಗೆ ದುಡ್ಡು ಹಾಕಬೇಕೋ ಬೇಡವೋ ಅನ್ನುವಾಗ ಜನ ಅದನ್ನು ಕಾರಿನ ಮಾರುಕಟ್ಟೆ ಬೆಲೆಗೆ ಹೋಲಿಸುತ್ತಾರೆ. ನಾನು ಹೋಲಿಸುವುದು ಬೇರೆ ಕಾರು ಕೊಂಡರೆ ಮುಂದಿನ ಎರಡು ವರ್ಷಕ್ಕೆ ಬೀಳುವ ಖರ್ಚಿಗೆ. ಇನ್ನೊಂದು ಅಗ್ಗದ ಕಾರು ತಂದರೆ ಅದರ ತೊಂದರೆಗಳು ಗೊತ್ತಿರುವುದಿಲ್ಲ, ಎಲ್ಲ ಆಯಿಲ್ ಮತ್ತೆ ಮೊದಲಿಂದ. ಗೊತ್ತಿರುವ ಕಾರಿಗೆ ಕ್ಲಚ್ ಹಾಕಿಸುವುದು ಬಹಳ ಸಲ ಅದಕ್ಕಿಂತ ಕಡಿಮೆ. ಆದರೆ ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್ ಕೂರುವ ಜಾಗ, ಚಾಸಿ, ಇಲ್ಲೆಲ್ಲ ತುಕ್ಕು ತೂತು ಬಿದ್ದು ಸ್ಕ್ರೂಡ್ರೈವರ್ ಒಳಗೆ ಹೋಗುವಂತಾಗಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಆ ಕಾರಿಗೆ ಮತ್ತೆ ದುಡ್ಡು ಹಾಕಬೇಡಿ. ಅಪಘಾತದಲ್ಲಿ ಜನರನ್ನು ಕಾಯುವುದು ಆ ತಗಡೇ. ಅಂಥ ಕಾರನ್ನು ಓಡಿಸಲು ಯಾರಿಗೂ ಮಾರದೆ, ಒಡೆದು ಪಾರ್ಟ್ ತೆಗೆಯುವವರಿಗೇ ಕೊಡಿ.